ಕಡೂರು ಸೀಮೆಯಿಂದ ಪೆಸಿಫಿಕ್ ತಳಕ್ಕೆ: ಒಂದು ಯೋಜನಾ ಮೀಮಾಂಸೆ

ಕಡೂರು ಪೆಸಿಫಿಕ್ ಮಹಾಸಾಗರದ ದಂಡೆಯ ಊರು. ಈ ಸತ್ಯ ನಮ್ಮ ವಿದ್ವಾಂಸರ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಅವರಲ್ಲಿ ಹೆಚ್ಚಿನವರು ಕಡೂರನ್ನು ಕಂಡಿರುವುದು ರಾತ್ರಿ ರೈಲಿನ ಕಿಟಕಿಯಿಂದ, ‘ಬೀರೂರು ಬಂತೇನ್ರೀ?’ ಎಂದು ಎದ್ದು ಕೂತ ನಿದ್ದೆಗಣ್ಣಿನಲ್ಲಿ. ಆ ಸ್ಥಿತಿಯಲ್ಲಿ ಚಪ್ಪಲಿಯೇ ಕಾಣುವುದಿಲ್ಲ, ಮಹಾಸಾಗರ ಎಲ್ಲಿಂದ ಕಂಡೀತು? ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳಲ್ಲಿ ಕವಲೊಡೆದಿರುವ ಒಂದು ಕುಟುಂಬ ಪೆಸಿಫಿಕ್ ದ್ವೀಪವೊಂದರಲ್ಲಿ ಸ್ಕೂಬಾ ಡೈವಿಂಗ್ ಮಾಡಲು ಹಾಕಿದ ಯೋಜನೆಯನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸಿ, ಅದರಿಂದ ಒಂದು ಸಾರ್ವತ್ರಿಕ ನಿಯಮವನ್ನು ಹೊರಡಿಸುತ್ತದೆ. ಸಂಶೋಧನಾ ನೀತಿಗೆ ಅನುಗುಣವಾಗಿ ಕುಟುಂಬದ ಹೆಸರನ್ನು ಗುಟ್ಟಾಗಿಡಲಾಗಿದೆ. ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮೊದಲು ಜಲಸಾಕ್ಷ್ಯ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಿಂದ ವೇದಾ, ಮದಗದ ಕೆರೆಯಿಂದ ಅವತಿ ಹೊರಟು ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ವೇದಾವತಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರಿ, ಅಲ್ಲಿಂದ ಮುಂದೆ ಹಗರಿಯೆನಿಸಿಕೊಂಡು ತುಂಗಭದ್ರೆಗೆ, ಆಮೇಲೆ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕೊಲ್ಲಿಯಿಂದ ಮಲಕ್ಕಾ ಜಲಸಂಧಿಯಲ್ಲಿ ನುಸುಳಿದರೆ ದಕ್ಷಿಣ ಚೀನಾ ಸಮುದ್ರ. ಅದು ಪೆಸಿಫಿಕ್ಕಿನದೇ ಹಿತ್ತಲು. ಆದ್ದರಿಂದ ಅಯ್ಯನಕೆರೆಯಲ್ಲಿ ಕಾಲು ತೊಳೆದವನು ಪೆಸಿಫಿಕ್ಕಿನಲ್ಲೇ ಕಾಲು ತೊಳೆದಿದ್ದಾನೆ, ಸ್ವಲ್ಪ ಮುಂಚೆ ಅಷ್ಟೆ.

ಇಲ್ಲೊಂದು ಚಾರಿತ್ರಿಕ ತೊಡಕಿದೆ. ವಾಣಿವಿಲಾಸ ಸಾಗರವನ್ನು ಹಿಡಿದಿಟ್ಟಿರುವ, 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಕಡೂರು ಪೆಸಿಫಿಕ್ಕಿನ ಸಂಪರ್ಕ ಕಳೆದುಕೊಂಡಿತ್ತೆಂದು ತಿಳಿಯಬೇಕು. ಈ ಕುಟುಂಬದ ಮೂರು ತಲೆಮಾರು ಸ್ಕೂಬಾ ಕಲಿಯದೆ ತೀರಿಕೊಂಡದ್ದಕ್ಕೆ ಇದನ್ನು ಬಿಟ್ಟು ಬೇರೆ ಕಾರಣ ನಮಗೆ ತೋರುತ್ತಿಲ್ಲ. ಸಂಪರ್ಕ ಮರಳಿದ ಶ್ರೇಯಸ್ಸು ತಮ್ಮದೆಂದು ಅಜ್ಜಂಪುರದ ಶಾಖೆ ಹಕ್ಕು ಸಾಧಿಸುತ್ತದೆ. ತರೀಕೆರೆ ತಾಲ್ಲೂಕಿನಲ್ಲಿ ಮೇಲೆತ್ತಿದ ಭದ್ರೆಯ ನೀರು ವಾಣಿವಿಲಾಸ ಸಾಗರಕ್ಕೆ ಹೋಗುವುದು ಅಜ್ಜಂಪುರದ ಬಳಿಯ ಸುಮಾರು 7 ಕಿ.ಮೀ. ಸುರಂಗದಿಂದ. ‘ಮಳೆ ಬಂತು, ತುಂಬ್ತು’ ಎಂಬುದು ಕಡೂರು ಶಾಖೆಯ ಪಾಠಾಂತರ. ತರೀಕೆರೆಯವರು ನೀರು ಕೊಟ್ಟವರು ತಾವೆಂದು ಸುಮ್ಮನೆ ಕೂತಿದ್ದಾರೆ. ಅವರ ಮೌನ ಮಿಕ್ಕಿಬ್ಬರ ಮಾತಿಗಿಂತ ಜೋರಾಗಿ ಕೇಳಿಸುತ್ತದೆ.

ಎರಡನೆಯದು ಸಸ್ಯಸಾಕ್ಷ್ಯ. ಪೆಸಿಫಿಕ್ ದ್ವೀಪದ ಲಕ್ಷಣಗಳೇನು? ತೆಂಗು, ಅಡಿಕೆ, ವೀಳ್ಯದೆಲೆ, ಮಧ್ಯಾಹ್ನದ ನಿದ್ದೆ. ಪಲಾವ್, ಯಾಪ್, ಸಾಲೊಮನ್, ಪಪುವಾ ನ್ಯೂಗಿನಿ ಎಲ್ಲೆಡೆಯೂ ಜನ ಹಸಿ ಅಡಿಕೆಗೆ ಸುಣ್ಣ ಸೇರಿಸಿ ಅಗಿಯುತ್ತಾರೆ. ಕೊಬ್ಬರಿ ಆ ದ್ವೀಪಗಳ ಹಳೆಯ ರಫ್ತು; ನಮ್ಮ ಕೊಬ್ಬರಿ ಹೋಗುವುದು ಅರಸೀಕೆರೆ, ತಿಪಟೂರಿನ ಮಾರುಕಟ್ಟೆಗೆ. ಈ ದತ್ತಾಂಶವನ್ನು ಕುಟುಂಬದ ಹಿರಿಯ ಮಾಹಿತಿದಾರೆಯ ಮುಂದಿಟ್ಟಾಗ ಬಂದ ಪ್ರತಿಕ್ರಿಯೆಯನ್ನು ಇಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ: ‘ಅಲ್ಲೂ ಎಲೆಅಡಿಕೆ ಹಾಕ್ತಾರಂತಾ? ಹಂಗಾದ್ರೆ ನಮ್ಮೋರೇ ಬಿಡು ಮಗಾ.’ ಪಕ್ಕದಲ್ಲಿದ್ದ ಚಿಕ್ಕಪ್ಪನವರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ರಾಶಿ ಇಡಿ ಕ್ವಿಂಟಾಲಿಗೆ ಏನು ನಡೀತಿದೆ?’ ಹಸಿಯಾಗಿ ಅಗಿಯುವವರಿಗೆ ರಾಶಿ ಇಡಿ ಗೊತ್ತಿರುವುದಿಲ್ಲವೆಂದು ತಿಳಿಸಿದಾಗ ಆ ದ್ವೀಪಗಳ ಬಗ್ಗೆ ಅವರಿಗಿದ್ದ ಗೌರವ ಇಳಿಯಿತು. ಬೇಯಿಸದೆ, ಒಣಗಿಸದೆ, ಧಾರಣೆಗೆ ಕಾಯದೆ ಅಡಿಕೆಯನ್ನು ಹಾಗೇ ತಿಂದು ಮುಗಿಸುವ ನಾಗರಿಕತೆ ಎಷ್ಟು ದಿನ ಬಾಳೀತು ಎಂಬುದು ಅವರ ಚಿಂತೆ.

ಹೀಗೆ ಕಡೂರು ಸೀಮೆ ಒಂದು ಪೆಸಿಫಿಕ್ ದ್ವೀಪವೆಂದು ಸಿದ್ಧವಾಯಿತು. ‘ಸುತ್ತ ಸಮುದ್ರ ಎಲ್ಲಿದೆ?’ ಎಂದು ಪೂರ್ವಪಕ್ಷದವರು ಕೇಳಬಹುದು. ಅದೊಂದು ಕೊರತೆ. ಹೊಸ ತಾಲ್ಲೂಕಿಗೆ ಎಲ್ಲ ಕಚೇರಿಯೂ ಒಟ್ಟಿಗೆ ಬರುವುದಿಲ್ಲ.

ಈಗ ನಿಯಮಕ್ಕೆ ಬರೋಣ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಂತೆ, ಉಷ್ಣತೆ ಬದಲಾಗದಿದ್ದರೆ ಅನಿಲದ ಒತ್ತಡ ಹೆಚ್ಚಿದಷ್ಟೂ ಗಾತ್ರ ಕುಗ್ಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾಯುಭಾರ ಒತ್ತಡ ಹೆಚ್ಚುತ್ತದೆ. ಮೇಲೆ ಒಂದು ಲೀಟರ್ ಇದ್ದ ಗಾಳಿ 10 ಮೀಟರಿನಲ್ಲಿ ಅರ್ಧ ಲೀಟರ್, 30 ಮೀಟರಿನಲ್ಲಿ ಕಾಲು ಲೀಟರ್. ಸ್ಕೂಬಾ ಶಾಸ್ತ್ರವೆಲ್ಲ ನಿಂತಿರುವುದು ಈ ಒಂದು ಲೆಕ್ಕದ ಮೇಲೆ. ಬಾಯ್ಲ್ ಮಹಾಶಯನಿಗೆ ಹೊಳೆಯದ ಅನ್ವಯವೊಂದಿದೆ: ಪ್ರವಾಸದ ಬಗ್ಗೆ ಮನೆಯಲ್ಲಿ ಹುಟ್ಟುವ ಅಭಿಪ್ರಾಯಗಳ ಒತ್ತಡವನ್ನು ಪ್ರವಾಸಸ್ಥಳದ ದೂರದಿಂದ ಗುಣಿಸಿದರೆ ಬರುವ ಗುಣಲಬ್ಧ ಸ್ಥಿರ. ಅಭಿಪ್ರಾಯ ಹೇಳುವವರು ಇಬ್ಬರಿದ್ದಾಗ ಪ್ರವಾಸ ಪೆಸಿಫಿಕ್ಕಿನ ನಡುಮಧ್ಯೆ ಇರುತ್ತದೆ. ಮನೆಮಂದಿಯೆಲ್ಲ ಜಗುಲಿಗೆ ಬಂದು ಕೂತರೆ ಅದು ಊರ ಮುಂದಿನ ಕೆರೆಗೆ ಬಂದು ನಿಲ್ಲುತ್ತದೆ. ಬಾಯ್ಲ್ ಹೇಳಿದ ಷರತ್ತು ಇಲ್ಲಿಯೂ ಉಂಟು, ಉಷ್ಣತೆ ಏರಬಾರದು. ಭಾವಂದಿರು ಇರುವ ಸಭೆಯಲ್ಲಿ ಈ ಷರತ್ತು ಪಾಲಿಸುವುದು ಕಷ್ಟ.

ನಿಯಮದ ಮೊದಲ ಹಂತ ಬೋರಾ ಬೋರಾ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ, ಅವನ ಕಂಪ್ಯೂಟರ್ ಪರದೆಯಲ್ಲಿ ಆ ದ್ವೀಪ, ತರೀಕೆರೆಯ ದೊಡ್ಡಪ್ಪನ ಮಗನ ಬೆಂಬಲ. ಇಬ್ಬರೇ ಇದ್ದರಾದ್ದರಿಂದ ದೂರಕ್ಕೆ ಮಿತಿಯಿರಲಿಲ್ಲ. ಸುದ್ದಿ ಕಡೂರಿಗೆ ಮುಟ್ಟಿದಾಗ ಹೆಸರು ಕೇಳಿ ಚಿಕ್ಕಪ್ಪ ಎದ್ದು ನಿಂತರಂತೆ: ‘ಒಂದು ಬೋರಿಗೇ ಸಾಲ ತೀರಿಲ್ಲ. ಮತ್ತೆರಡಾ?’ ಈ ತಪ್ಪುಗ್ರಹಿಕೆಯಲ್ಲಿ ಶಾಸ್ತ್ರೀಯ ಸತ್ಯವೊಂದು ಅಡಗಿದೆ. ಸ್ಕೂಬಾ ಕಟ್ಟಿಕೊಂಡು ಅತಿ ಆಳಕ್ಕೆ ಇಳಿದವನೆಂದು ಗಿನ್ನೆಸ್ ದಾಖಲೆಗೆ ಸೇರಿದವನು ಈಜಿಪ್ಟಿನ ಅಹ್ಮದ್ ಗಬ್ರ್. 2014ರಲ್ಲಿ ಕೆಂಪು ಸಮುದ್ರದಲ್ಲಿ ಅವನು ಇಳಿದದ್ದು 332 ಮೀಟರ್, ಎಂದರೆ ಸುಮಾರು 1,090 ಅಡಿ. ಇಳಿಯಲು ಕಾಲು ಗಂಟೆ ಹಿಡಿದರೆ, ಮೈಯಲ್ಲಿ ಕರಗಿದ ಅನಿಲ ಹದವಾಗಿ ಹೊರಬರಲೆಂದು ನಿಂತು ನಿಂತು ಮೇಲೇರಲು ಹದಿಮೂರು ಗಂಟೆಗೂ ಹೆಚ್ಚು ಬೇಕಾಯಿತು. ನಮ್ಮ ಕಡೆಯ ಬೋರ್‌ವೆಲ್ ಲಾರಿಯೂ ಆ ಆಳ ನೋಡಿದೆ. ವ್ಯತ್ಯಾಸವೆಂದರೆ ಅವನಿಗೆ ಅಲ್ಲಿ ನೀರು ಸಿಕ್ಕಿತ್ತು. ಇನ್ನು ಮೇಲೇರುವುದು: ಅವನು ಅದೇ ರಾತ್ರಿ ಮೇಲೆ ಬಂದ, ಬೋರು ಕೊರೆಸಿದವರಲ್ಲಿ ಹಲವರು ಇನ್ನೂ ಬ್ಯಾಂಕಿನ ಕಂತಿನಲ್ಲಿ ಹಂತ ಹಂತವಾಗಿ ಏರುತ್ತಲೇ ಇದ್ದಾರೆ.

ಎರಡನೆಯ ಹಂತದಲ್ಲಿ ಸಮೋವಾ. ಇಲ್ಲಿ ಅತ್ತೆಯವರ ಪ್ರವೇಶವಾಗುತ್ತದೆ. ಅಂತರರಾಷ್ಟ್ರೀಯ ದಿನರೇಖೆಯ ಪೂರ್ವಕ್ಕಿದ್ದ ಸಮೋವಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು ರೇಖೆಯ ಪಶ್ಚಿಮಕ್ಕೆ ದಾಟಿಕೊಂಡಿತು. ಹಾಗಾಗಿ 2011ರ ಡಿಸೆಂಬರ್ 30 ಆ ದೇಶದಲ್ಲಿ ಆಗಲೇ ಇಲ್ಲ. ಗುರುವಾರ ಮಲಗಿದವರು ಶನಿವಾರ ಎದ್ದರು. ಕಳೆದುಹೋದದ್ದು ಶುಕ್ರವಾರ. ಇದನ್ನು ತಿಳಿದ ಅತ್ತೆಯವರು ತಮ್ಮ ನಿಲುವನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಹೇಳಿದರು: ಶುಕ್ರವಾರವನ್ನು ನುಂಗಿದ ಊರಿಗೆ ಲಕ್ಷ್ಮಿ ಬರುವುದಿಲ್ಲ, ತಾವೂ ಬರುವುದಿಲ್ಲ. ಅದು ಒಂದೇ ಸಲ ಆದದ್ದು, ಈಗ ಅಲ್ಲಿ ವಾರಕ್ಕೊಂದು ಶುಕ್ರವಾರ ತಪ್ಪದೆ ಬರುತ್ತದೆ ಎಂಬ ವಿವರಣೆ ಫಲಿಸಲಿಲ್ಲ. ದಿನರೇಖೆ ದಾಟಿದಾಗ ಏಕಾದಶಿ ಎರಡು ಸಲ ಬಂದರೆ ಎರಡೂ ದಿನ ಉಪವಾಸವೋ, ರಾಹುಕಾಲವನ್ನು ಯಾವ ಊರಿನ ಸೂರ್ಯೋದಯಕ್ಕೆ ಕಟ್ಟಬೇಕೋ ಎಂಬ ಪ್ರಶ್ನೆಗಳು ಪಂಚಾಂಗಕರ್ತರ ಮುಂದೆ ಹೋಗಿವೆ.

ಸಮೋವಾದ ಮಾತು ನಡೆದ ಮನೆಯ ಸಭೆಯಲ್ಲೇ ಧರ್ಮಶಾಸ್ತ್ರದ ಚರ್ಚೆಯೂ ನಡೆಯಿತು. ಸಮುದ್ರೋಲ್ಲಂಘನಕ್ಕೆ ಹಿಂದಿನವರ ನಿಷೇಧವಿದ್ದದ್ದು ನಿಜ. ಉಲ್ಲಂಘನವೆಂದರೆ ಮೇಲಿಂದ ದಾಟುವುದು. ಸ್ಕೂಬಾದವನು ದಾಟುವುದಿಲ್ಲ, ಇಳಿದು ಇಳಿದಲ್ಲೇ ಮೇಲೆ ಬರುತ್ತಾನೆ. ಆದ್ದರಿಂದ ನಿಷೇಧ ಅನ್ವಯಿಸದು. ಸಚೇಲ ಸ್ನಾನದ ಪುಣ್ಯವೇ ಬರಬಹುದು. ಅಲ್ಲಿಗೆ ವಿಮಾನದಲ್ಲಿ ಹೋಗುವ ಪಾಪಕ್ಕೆ ಈ ಪುಣ್ಯ ಸರಿಹೋಗುತ್ತದೆಂದು ಸಭೆ ತೀರ್ಮಾನಿಸಿತು.

ಮೂರನೆಯದು ಫಿಜಿ. 1879ರಿಂದ 1916ರವರೆಗೆ ಕಬ್ಬಿನ ಗದ್ದೆಯ ಕರಾರು ಕೂಲಿಗಳಾಗಿ ಹೋದ ಭಾರತೀಯರ ಸಂತತಿ ಅಲ್ಲಿದೆ. ಆದ್ದರಿಂದ ಊಟದ ಚಿಂತೆಯಿಲ್ಲ ಎಂದು ಕುಟುಂಬ ಸಮಾಧಾನ ಪಟ್ಟಿತು. ಆ ಜನ ಅಲ್ಲಿಗೆ ಹೋದದ್ದು ರಜೆಗಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಫಿಜಿಯನ್ನು ಕೆಡಿಸಿದ್ದು ತಿಂಗಳುಗಳು. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಮೇಯಿಂದ ಅಕ್ಟೋಬರ್ ಪ್ರಶಸ್ತ. ಕಡೂರಿನ ಕಡೆ ಮೇಯಲ್ಲಿ ಮದುವೆಗಳು. ಜೂನ್‌ನಲ್ಲಿ ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುವ ಕೆಲಸ. ಅದನ್ನು ಆಳಿಗೆ ವಹಿಸಲು ಬರುವುದಿಲ್ಲ. ಜುಲೈ, ಆಗಸ್ಟ್ ರಾಗಿ ಬಿತ್ತನೆ. ಸೆಪ್ಟೆಂಬರಿನಲ್ಲಿ ಗೌರಿ, ಗಣೇಶ. ಅಕ್ಟೋಬರಿನಿಂದ ತರೀಕೆರೆಯವರಿಗೆ ಅಡಿಕೆ ಕೊಯ್ಲು, ಸುಲಿಯುವವರ ಬೆನ್ನು ಹತ್ತುವುದು, ಮೋಡ ಕವಿದರೆ ಚಾಪೆ ಸುತ್ತಲು ಓಡುವುದು. ನವೆಂಬರ್, ಡಿಸೆಂಬರ್ ರಾಗಿ ಕೊಯ್ದು ಮೆದೆ ಹಾಕುವುದು. ಅದು ಮುಗಿಯಿತೆಂದರೆ ಅಂತರಘಟ್ಟಮ್ಮನ ಜಾತ್ರೆ. ಪಾನಕದ ಬಂಡಿ ಕಟ್ಟದೆ ಅಜ್ಜಂಪುರದ ಶಾಖೆ ಎಲ್ಲಿಗೂ ಕದಲುವುದಿಲ್ಲ. ಎರಡು ಪಂಚಾಂಗಗಳನ್ನೂ ಒಂದರ ಮೇಲೊಂದಿಟ್ಟು ನೋಡಿದಾಗ ಉಳಿದದ್ದು ಮಹಾಲಯ ಪಕ್ಷ. ಆ ಹದಿನೈದು ದಿನದಲ್ಲಿ ಶುಭಕಾರ್ಯ ಮಾಡುವ ಹಾಗಿಲ್ಲ. ಸ್ಕೂಬಾ ಶುಭಕಾರ್ಯವೋ ಅಲ್ಲವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ನಾಲ್ಕನೆಯದಾದ ಪಲಾವ್ ವಿಷಯದಲ್ಲಿ ಎಲ್ಲರಿಗೂ ಮನಸ್ಸಿತ್ತು. ಅಲ್ಲಿಗೆ ಹೋಗುವವರ ಪಾಸ್‌ಪೋರ್ಟಿನಲ್ಲೇ 2017ರಿಂದ ಒಂದು ಪ್ರತಿಜ್ಞೆಯ ಮುದ್ರೆ ಒತ್ತುತ್ತಾರೆ. ದ್ವೀಪದ ಪರಿಸರ ಕೆಡಿಸುವುದಿಲ್ಲವೆಂದು ಅಲ್ಲಿನ ಮಕ್ಕಳಿಗೆ ಮಾತು ಕೊಟ್ಟು ಸಹಿ ಹಾಕಬೇಕು. 2020ರಿಂದ ಹವಳಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ನಿಷಿದ್ಧ. ಕುಟುಂಬದವರು ಮೈಗೆ ಹಚ್ಚುವುದು ಕೊಬ್ಬರಿ ಎಣ್ಣೆಯನ್ನೇ ಆದ್ದರಿಂದ ಈ ಕಾನೂನು ತಮ್ಮನ್ನು ನೋಡಿಯೇ ಮಾಡಿದ್ದೆಂದು ಹಿಗ್ಗಿದರು.

ತೊಡಕು ಬಂದದ್ದು ತಾಂಬೂಲದಿಂದ. ಮುಖಕ್ಕೆ ಹಾಕುವ ಗಾಜಿಗೆ ಮಂಜು ಹಿಡಿಯದಿರಲು ಡೈವ್ ಮಾಡುವವರು ಒಳಗಡೆ ಉಗುಳಿ, ಸವರಿ, ತೊಳೆದು ಹಾಕಿಕೊಳ್ಳುವುದು ಲೋಕರೂಢಿ. ಈ ಕ್ರಿಯೆಯಲ್ಲಿ ನಮ್ಮವರಿಗೆ ತರಬೇತಿಯ ಅಗತ್ಯವಿಲ್ಲ. ಆದರೆ ಎಲೆಅಡಿಕೆಯವರ ಉಗುಳಿನಿಂದ ಗಾಜಿನ ಆಚೆಯ ಸಮುದ್ರವೆಲ್ಲ ಕೆಂಪಾಗಿ ಕಂಡೀತು. ಅತ್ತ ನೀರು ಮಾಡುವ ಕೆಲಸವೇ ಬೇರೆ: ಬೆಳಕಿನಲ್ಲಿ ಮೊದಲು ಅದು ಹೀರಿಕೊಳ್ಳುವುದು ಕೆಂಪನ್ನು. ಹತ್ತು ಮೀಟರ್ ಕೆಳಗೆ ಅತ್ತೆಯವರ ಹಣೆಯ ಕುಂಕುಮ ಕಪ್ಪು ಕಾಣುತ್ತದೆ, ಚಿಕ್ಕಪ್ಪನ ತುಟಿ ಜ್ವರ ಬಂದವರ ತುಟಿಯ ಬಣ್ಣಕ್ಕೆ ತಿರುಗುತ್ತದೆ. ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿರುವುದರಿಂದ ಅಡಿಕೆ ಅಗಿಯುವಂತಿಲ್ಲ, ಮಾತಾಡುವಂತಿಲ್ಲ. ಮುಕ್ಕಾಲು ಗಂಟೆ ಅಗಿಯದೆ, ಮಾತಾಡದೆ, ಪಕ್ಕದವರ ತೋಟದ ವಿಚಾರ ಕೇಳದೆ ಇರುವುದು ಯೋಗಿಗಳಿಗೆ ಮಾತ್ರ ಸಾಧ್ಯವೆಂದು ಚಿಕ್ಕಪ್ಪ ಕೈಚೆಲ್ಲಿದರು. ಸನ್ನೆಗಳಿವೆ ಎಂದು ಹುಡುಗ ತೋರಿಸಿಕೊಟ್ಟ. ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಹೆಬ್ಬೆರಳು, ತೋರುಬೆರಳು ಕೂಡಿಸಿ ವೃತ್ತ ಮಾಡಿದರೆ ‘ಎಲ್ಲ ಸರಿ’ ಎಂದು. ಅಜ್ಜಿಗೆ ಇದು ನಶ್ಯ ಏರಿಸುವ ಮುದ್ರೆಯಾಗಿ ಕಂಡು, ನೀರೊಳಗೆ ಅದನ್ನು ಏರಿಸಿದರೆ ಸೀನು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಉತ್ತರ ಸಿಕ್ಕಿಲ್ಲ.

ಇಲ್ಲಿ ಸಾಹಿತ್ಯಕ ಆಧಾರವನ್ನು ನೋಡಲೇಬೇಕು. ಫ್ರೆಂಚರಾದ ಜಾಕ್ ಕೂಸ್ಟೋ ಮತ್ತು ಎಮಿಲ್ ಗನ್ಯಾನ್ 1943ರಲ್ಲಿ ಗಾಳಿಯ ಸಿಲಿಂಡರಿನ ಉಪಕರಣ ರೂಪಿಸಿದ್ದಕ್ಕೆ ಒಂಬೈನೂರು ವರ್ಷಗಳಿಗೂ ಮೊದಲೇ ರನ್ನನ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಕೂತಿದ್ದ, ಸಿಲಿಂಡರಿಲ್ಲದೆ, ಬರಿಯ ಮಂತ್ರದ ಬಲದಿಂದ. ನೀರೊಳಗಿದ್ದೂ ಅವನು ಬೆವತದ್ದನ್ನು ವಿಮರ್ಶಕರು ಕವಿಯ ಚಮತ್ಕಾರವೆಂದು ಹೊಗಳುತ್ತ ಬಂದಿದ್ದಾರೆ. ಡೈವಿಂಗ್ ಶಿಕ್ಷಕರಾದರೆ ಅದನ್ನು ಗಾಬರಿಯ ಮೊದಲ ಲಕ್ಷಣವೆಂದು ಗುರುತಿಸುತ್ತಿದ್ದರು. ಅವನು ಮಾಡಿದ ತಪ್ಪು ಎರಡು. ಜೊತೆಗಾರನಿಲ್ಲದೆ ಒಬ್ಬನೇ ಇಳಿದದ್ದು ಒಂದು. ಭೀಮನ ಕೂಗಿಗೆ ಕೆರಳಿ, ನಡುವೆ ಎಲ್ಲೂ ನಿಲ್ಲದೆ ಒಮ್ಮೆಗೇ ಮೇಲಕ್ಕೆ ಬಂದದ್ದು ಇನ್ನೊಂದು. ಹಾಗೆ ಬಂದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ಕೀಲುಗಳನ್ನು ಹಿಡಿಯುತ್ತದೆ, ಕಾಲು ಎತ್ತಿಡಲಾಗದಷ್ಟು ನೋವು ಬರುತ್ತದೆ. ಕುರುಪತಿಯ ತೊಡೆಗೆ ಪೆಟ್ಟಾದದ್ದು ಗದೆಯಿಂದಲೋ ನೈಟ್ರೋಜನ್ನಿನಿಂದಲೋ ಎಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಇನ್ನಾದರೂ ಎತ್ತಿಕೊಳ್ಳಬೇಕು.

ಐದನೆಯದಾಗಿ ಅಂಡಮಾನ್ ಸುಳಿದು ಹೋಯಿತು. ನಮ್ಮ ಜಿಲ್ಲೆಯವರೇ ಆಗಿಹೋದ ಪೂರ್ಣಚಂದ್ರ ತೇಜಸ್ವಿ ಅಂಡಮಾನಿಗೆ ಹೋಗಿ ಬಂದು ಪುಸ್ತಕ ಬರೆದರು. ಪೆಸಿಫಿಕ್ ದ್ವೀಪಗಳ ಮೇಲೆ ಮೂಡಿಗೆರೆಯಲ್ಲಿ ಕೂತೇ ಒಂದು ಪುಸ್ತಕ ತಂದರು. ‘ಕೂತೇ ಬರೆಯೋಕೆ ಆಗುತ್ತೆ ಅಂದ್ಮೇಲೆ ಕೂತೇ ನೋಡೋಕೆ ಯಾಕಾಗಲ್ಲ?’ ಎಂದು ಭಾವನವರು ಹಾಕಿದ ಪ್ರಶ್ನೆಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಒತ್ತಡ ಗರಿಷ್ಠ ಮಟ್ಟ ಮುಟ್ಟಿದ್ದು ಆಗಲೇ. ದೂರ ಒಮ್ಮೆಗೇ ಕುಸಿದು ಲಕ್ಕವಳ್ಳಿಗೆ ಬಂತು.

ಲಕ್ಕವಳ್ಳಿ ಬಡವರ ಪೆಸಿಫಿಕ್ ಅಲ್ಲ, ತಿಳಿದವರ ಪೆಸಿಫಿಕ್. ಅಲ್ಲಿನ ಭದ್ರಾ ಜಲಾಶಯ ತುಂಬಿದಾಗ 186 ಅಡಿ. ನೀರಿನ ನಡುವೆ ನಿಜವಾದ ದ್ವೀಪಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಆ ದಿಬ್ಬಗಳ ಮೇಲೆ ಸಾವಿರಾರು ರೀವ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ನೀರ ತಳದಲ್ಲಿ ಮುಳುಗಿದ ಹಳ್ಳಿಗಳಿವೆ. ಪೆಸಿಫಿಕ್ಕಿನ ಚೂಕ್ ಕೊಳದಲ್ಲಿ 1944ರ ದಾಳಿಗೆ ಮುಳುಗಿದ ಜಪಾನಿ ಹಡಗುಗಳನ್ನು ನೋಡಲು ಜಗತ್ತೆಲ್ಲ ದುಡ್ಡು ಕೊಟ್ಟು ಇಳಿಯುತ್ತದೆ. ಇಲ್ಲಿ ಮುಳುಗಿರುವುದು ಅಡುಗೆಮನೆ, ಕಣ, ಕಟ್ಟೆ. ಆ ಮುಳುಗಿದ ಹಳ್ಳಿಗಳಿಂದ ಎದ್ದು ಬಂದವರು ಸುತ್ತಲಿನ ಊರುಗಳಲ್ಲೇ ಇದ್ದಾರೆ. ಅಲ್ಲಿಗೆ ಇಳಿದು ನೋಡುವ ಮಾತನ್ನು ಅವರ ಮುಂದೆ ಆಡಲು ಸಭೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಜೊತೆಗೆ ಅದು ಅಭಯಾರಣ್ಯದ ಅಂಚು. ಅನುಮತಿಗೆ ಅಲೆಯುವುದಕ್ಕಿಂತ ಫಿಜಿಗೆ ಹೋಗಿ ಬರುವುದು ಸಲೀಸು.

ಆಮೇಲೆ ಎದ್ದದ್ದು ತರೀಕೆರೆ ಕೆರೆಯ ಹೆಸರು. ಅದರ ಏರಿಯ ಬಗ್ಗೆ ಮೌಖಿಕ ಪರಂಪರೆಯಲ್ಲಿ ದಾಖಲಾಗಿರುವ ಪ್ರಾಣಿಸಂಪತ್ತು ಕಪ್ಪು ಬಣ್ಣದ ಮೂರು ಕುರಿಮರಿ ಮಾತ್ರ. ಅವು ನೀರೊಳಗಿನವಲ್ಲವಾದ್ದರಿಂದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಉಳಿದದ್ದು ಅಯ್ಯನಕೆರೆ. ಶಕುನಗಿರಿಯ ಬುಡ, ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾದ ಏರಿ, ವರ್ಷವೆಲ್ಲ ನೀರು. ಸೋರೆಬುರುಡೆ ಬೆನ್ನಿಗೆ ಕಟ್ಟಿ ಬಾವಿಯಲ್ಲಿ ಈಜು ಕಲಿತವರಿಗೆ ಸಾಲದೇ? ಹುಡುಗ ಇಲ್ಲಿ ಶಾಸ್ತ್ರ ತೆಗೆದ. ಡೈವಿಂಗ್ ಸಂಸ್ಥೆಗಳ ನಿಯಮದಂತೆ 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗುವುದು ಬೆಟ್ಟದ ಮೇಲಿನ ಡೈವಿಂಗ್ ಲೆಕ್ಕ. ಅಯ್ಯನಕೆರೆ ಇರುವುದು 700 ಮೀಟರಿಗೂ ಮೇಲೆ. ಮೇಲಿನ ಗಾಳಿಯ ಒತ್ತಡ ಕಡಿಮೆ, ಕೋಷ್ಟಕಗಳೇ ಬೇರೆ, ತರಬೇತಿಯೂ ಬೇರೆ. ಎಂದರೆ ಪೆಸಿಫಿಕ್ಕಿಗಿಂತ ಅಯ್ಯನಕೆರೆ ಕಠಿಣ! ಈ ಆವಿಷ್ಕಾರದಿಂದ ಕುಟುಂಬದ ಮರ್ಯಾದೆ ಹೆಚ್ಚಿತು, ಯೋಜನೆ ನಿಂತಿತು. ಕೊನೆಯ ಮೊಳೆ ಅಜ್ಜಿಯದು. ಕೆರೆಯಮ್ಮ ಏರಿ ಒಡೆಯುತ್ತೇನೆಂದಾಗ, ದೊರೆಗೆ ಹೇಳಿ ಬರುವವರೆಗೆ ತಡೆ ತಾಯಿ ಎಂದು ನೀರುಗಂಟಿ ಭಾಷೆ ತೆಗೆದುಕೊಂಡನಂತೆ. ಅವನು ಮರಳಿ ಹೋಗದಂತೆ ದೊರೆ ಅವನ ತಲೆಯನ್ನೇ ತೆಗೆಸಿದನಂತೆ. ‘ಇವತ್ತಿಗೂ ಅವಳು ಕಾಯ್ತಾ ಕೂತವಳೆ. ನೀವು ಕೆಳಗೆ ಹೋಗಿ ಮುಖ ತೋರಿಸಬ್ಯಾಡ್ರಿ, ಅವನೇ ಬಂದ ಅನ್ಕಂಡಾಳು.’

ಒತ್ತಡ ಮಿತಿಮೀರಿದರೆ ಸಂಕುಚಿತ ವಸ್ತು ಪುಟಿಯುತ್ತದೆ. ಯೋಜನೆ ಅಯ್ಯನಕೆರೆಯಿಂದ ಪುಟಿದು ಬಿದ್ದದ್ದು ನೇತ್ರಾಣಿ ದ್ವೀಪಕ್ಕೆ. ಕಡೂರು, ಬೀರೂರು, ತರೀಕೆರೆಗಳನ್ನು ಹಾದುಹೋಗುವ ಬಿ.ಎಚ್. ರಸ್ತೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ. ಮನೆ ಮುಂದಿನ ರಸ್ತೆಯ ತುದಿಗೇ ಸಮುದ್ರವಿದೆ ಎಂಬುದು ದಿನಾ ಅದರಲ್ಲಿ ಬಸ್ಸು ಹತ್ತಿದ ಈ ಕುಟುಂಬದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಶಿವಮೊಗ್ಗ, ಸಾಗರ, ಘಟ್ಟ, ಹೊನ್ನಾವರ. ಎಡಕ್ಕೆ ತಿರುಗಿದರೆ ಮುರುಡೇಶ್ವರ, 123 ಅಡಿಯ ಶಿವ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ದೂರಕ್ಕೆ ನೇತ್ರಾಣಿ, ಮೇಲಿನಿಂದ ನೋಡಿದರೆ ಹೃದಯದ ಆಕಾರ. ಪುನೀತ್ ರಾಜ್‌ಕುಮಾರ್ ನೀರಿಗಿಳಿದ ಜಾಗ ಎಂಬುದು ಹೆಂಗಸರ ಮತಗಳನ್ನೆಲ್ಲ ಒಂದೇ ಕಡೆ ತಂದಿತು. ಅದೇ ದ್ವೀಪವನ್ನು ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿಕೊಂಡದ್ದೂ ಉಂಟು ಎಂಬ ಮಾಹಿತಿಯನ್ನು ಸಭೆಯ ಮುಂದಿಡದೆ ತಡೆಹಿಡಿಯಲಾಗಿದೆ. ಮಳೆಗಾಲದಲ್ಲಿ ಡೈವಿಂಗ್ ಇಲ್ಲ, ಅಕ್ಟೋಬರಿನಿಂದ ಮೇಯವರೆಗೆ ಉಂಟು. ಹೊಸಬರನ್ನು ಶಿಕ್ಷಕರು ಕೈಹಿಡಿದೇ ಇಳಿಸುತ್ತಾರೆ, 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ನೀರಲ್ಲಿ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಊರಿಗೆ ಬಂದು ಮೀನಿನ ಗಾತ್ರ ಹೇಳುವಾಗ ನಮ್ಮವರು ಇದಕ್ಕೆ ಮೇಲೆ ತಮ್ಮದನ್ನು ಸೇರಿಸುವುದರಿಂದ, ಅಳತೆಗಳನ್ನು ಅರ್ಧಕ್ಕಿಳಿಸಿ ನಂಬುವುದು ಒಳ್ಳೆಯದು.

ಬಾಕಿ ಉಳಿದಿರುವುದು ವಾಪಸಾತಿಯ ಸಮಸ್ಯೆ. ಡೈವ್ ಮಾಡಿದವರು ಕೂಡಲೇ ವಿಮಾನ ಹತ್ತಬಾರದು. ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯಬೇಕು. ಇಲ್ಲದಿದ್ದರೆ ದುರ್ಯೋಧನನ ಗತಿ. ಎರಡು ಸಾವಿರ ಅಡಿಗಿಂತ ಮೇಲಕ್ಕೆ ರಸ್ತೆಯಲ್ಲಿ ಏರಿದರೂ ಮೈಗೆ ಅದು ವಿಮಾನವೇ. ಕಡೂರು ಎರಡು ಸಾವಿರ ಅಡಿಗೂ ಮೇಲಿದೆ. ಆದ್ದರಿಂದ ಈ ಕುಟುಂಬ ತನ್ನ ಮನೆಗೆ ಹೋಗುವುದೂ ಶಾಸ್ತ್ರೀಯವಾಗಿ ಆಕಾಶಯಾನ; ಘಟ್ಟ ಹತ್ತುವ ಮುನ್ನ ಮುರುಡೇಶ್ವರದಲ್ಲಿ ಒಂದು ರಾತ್ರಿ ತಂಗಲೇಬೇಕು. ಆ ಲಾಡ್ಜಿನ ಬಾಡಿಗೆ, ಊಟ, ಅಷ್ಟು ಹೊತ್ತು ಊರಲ್ಲಿ ಎಮ್ಮೆ ಕರೆಯುವವರ ಕೂಲಿ, ಇವನ್ನು ಮೂರು ಶಾಖೆಗಳಲ್ಲಿ ಯಾವ ಪ್ರಮಾಣದಲ್ಲಿ ಹಂಚಬೇಕು, ಮುಳುಗದೆ ದೋಣಿಯಲ್ಲೇ ಕೂತವರೂ ಪಾಲು ಕೊಡಬೇಕೋ ಎಂಬ ವಿಷಯದಲ್ಲಿ ಉಷ್ಣತೆ ಏರಿದ್ದರಿಂದ ಸಭೆಯನ್ನು ಮುಂದೂಡಲಾಗಿದೆ. ಮುಂದಿನ ಸಭೆ ಅಂತರಘಟ್ಟಮ್ಮನ ಜಾತ್ರೆಯಾದ ಮೇಲೆ, ಅಡಿಕೆ ಧಾರಣೆ ನೋಡಿಕೊಂಡು.